ಚೀಟಿ ಕೆರೆದ ರೆಕಾರ್ಡು

ಎಡೆಲ್ವಿನಾ ಎಣ್ಣೆಯಲ್ಲಿ ಉಬ್ಬಿದ ಅರೆಪಾ ಎಂಬ ಜೋಳದ ರೊಟ್ಟಿಯ ಹೊಟ್ಟೆ ಸೀಳಿ ಒಳಗೆ ಮೊಟ್ಟೆ ಸುರಿಯುತ್ತಿದ್ದಳು. ಆಗಲೇ ಪಕ್ಕದ ಯಾದಿರಾಳ ಪಾರ್ಲರಿನ ರೇಡಿಯೊದಲ್ಲಿ ಎಡೆಲ್ವಿನಾಳದೇ ಹಾಡು ಬಂತು. ಅರ್ಧ ಮೊಟ್ಟೆ ಎಣ್ಣೆಗೆ ಬಿತ್ತು.

"ನನ್ನ ಹಾಡು! ನಮ್ಮ ನಿಕನೋರ್ ಕಟ್ಟಿದ್ದು! ಪದ ಮಾತ್ರ ಯಾಕೋ ಬೇರೆ!"

ಬರಾಂಕಿಯಾ ಊರಿನ ಆ ಬೀದಿಯಲ್ಲಿ ಈ ಸಂಗತಿ ತಿಳಿಯದವರಿರಲಿಲ್ಲ. ಮದುವೆಗೆ ಮುಂಚೆ ಗಂಡ ತನಗಾಗಿ ಕಟ್ಟಿದ ಹಾಡೆಂದು ಮೂವತ್ತು ವರ್ಷದಿಂದ ಹೇಳಿಕೊಂಡು, ರಾಗವನ್ನು ದಿನವೂ ಗುನುಗುತ್ತಿದ್ದಳು. ಪದಗಳು ತನ್ನ ಕಿವಿಗೇ ಮೀಸಲೆಂದು ಒಬ್ಬರಿಗೂ ಕೇಳಿಸಿರಲಿಲ್ಲ.

ಹಾಡು ಮುಗಿಸಿದ ಎಳೆಯ ಗಾಯಕ ರೇಡಿಯೊದಲ್ಲಿ ಹೇಳಿದ: "ಇದು ನನ್ನದಲ್ಲ. ನಲವತ್ತು ವರ್ಷದ ಹಿಂದೆ ಹೈಟಿಯ ಒಬ್ಬ ಹೆಂಗಸು ಹಾಡಿದ್ದು. ನಾನು ಹಾಡು ಕಲಿತದ್ದೇ ಅವರಿಂದ. ದಯವಿಟ್ಟು ಅವರನ್ನ ಹುಡುಕಿ ಕೇಳಿ."

ಯಾದಿರಾ ಆ ಹೆಂಗಸಿನ ಹಾಡನ್ನು ಫೋನಿನಲ್ಲಿ ಹುಡುಕಿ ಹಾಕಿಯೇಬಿಟ್ಟಳು. ಅದೇ ರಾಗ, ಅದೇ ತಿರುವು. ಅರ್ಧ ಕೂದಲು ಕತ್ತರಿಸಿಕೊಂಡವರೂ ಹೊರಗೆ ಬಂದು ನಿಂತರು.

"ಏನೇ ಎಡೆಲ್ವಿನಾ, ನಿನ್ ಗಂಡ ಆಗ ಹೈಟೀಲಿ ಲಂಗ ಹಾಕ್ಕೊಂಡು ಹಾಡ್ತಿದ್ನಾ?" ಎಂದಳು ಎದುರುಮನೆಯ ಉಬಾಲ್ದಿನಾ, ಬಿಸಿ ಅರೆಪಾ ಕಚ್ಚುತ್ತಾ.

ಮೈಮೇಲಿನ ಬಟ್ಟೆ ಬಾಡಿಗೆಯದೆಂದು ಮದುವೆಮನೆಯಲ್ಲಿ ಯಾರೋ ಕೂಗಿ ಹೇಳಿದಂತಾಯಿತು ಎಡೆಲ್ವಿನಾಗೆ. ತೂಗುಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದ ನಿಕನೋರನನ್ನು ಎಳೆತಂದಳು. ಅವನು ಹಿಂದೆ ಪಿಕೋ ಇಟ್ಟಿದ್ದವನು. ಅಂದರೆ ಬೀದಿ ಕುಣಿತಕ್ಕೆ ಬಾಗಿಲೆತ್ತರದ ಸ್ಪೀಕರು ಹೂಡಿ ರೆಕಾರ್ಡು ಹಾಕುತ್ತಿದ್ದವನು.

"ಆಗ ಎಲ್ಲಾ ಪಿಕೋದವರೂ ರೆಕಾರ್ಡಿನ ಮೇಲಿನ ಚೀಟಿ ಕೆರೀತಿದ್ವಿ ಕಣೇ. ಹಾಡಿದ್ದು ಯಾರು ಅಂತ ಎದುರು ಪಿಕೋದವನಿಗೆ ಗೊತ್ತಾದ್ರೆ, ಅವನೂ ತರಿಸಿಬಿಡ್ತಿದ್ದ."

"ನಾನೇನು ಎದುರು ಪಿಕೋದವಳಾ?"

"ರಾಗ ಅವಳದ್ದೇ, ಒಪ್ಕೋತೀನಿ. ಆದ್ರೆ ನಮ್ಮ ಭಾಷೇಲಿ ಪದ ಕಟ್ಟಿದ್ದು ನಾನು. ನಿನಗೋಸ್ಕರಾನೇ. ನಮ್ಮಮ್ಮನಾಣೆ."

ಮುಳುಗುವವಳಿಗೆ ಅಷ್ಟೇ ಸಾಕಾಯಿತು. ಎಡೆಲ್ವಿನಾ ಕೈ ಒರೆಸಿಕೊಂಡು, ಮೂವತ್ತು ವರ್ಷ ಬಚ್ಚಿಟ್ಟ ಪದಗಳನ್ನು ಬೀದಿಗೇ ಕೇಳುವಂತೆ ಎತ್ತಿದಳು:

"ಬಿಳಿ ಕೊಡೆ ಹಿಡಿದು ನೀ ಮೀನುಪೇಟೆಗೆ ಬಂದಾಗ..."

ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ, "ಮೀನಿಗೂ ಮರೆತುಹೋಯ್ತು ಈಜು," ಎಂದು ಉಬಾಲ್ದಿನಾ ಕಣ್ಣುಮುಚ್ಚಿ ತಲೆದೂಗುತ್ತಾ ಹಾಡಿದಳು. ಆಮೇಲೆ ತಿದ್ದಿದಳು. "ಬಿಳಿ ಅಲ್ವೇ, ಹಳದಿ ಕೊಡೆ."

ಎಲ್ಲರೂ ಅವಳತ್ತ ತಿರುಗಿದರು. ಉಬಾಲ್ದಿನಾ ಕಣ್ಣು ತೆರೆದಳು. ಅಗಿಯುವುದು ನಿಂತಿತು.

"ಎಲ್ಲೋ... ಕೇಳಿದ್ದೆ," ಎಂದಳು.

ನಿಕನೋರ್ ಆಗಲೇ ಒಳಗೆ ಹೋಗಿದ್ದ.

ಎಡೆಲ್ವಿನಾಳ ಕಿವಿ ಸುಡುತ್ತಿತ್ತು. ಯಾದಿರಾಳ ಫೋನಿನಲ್ಲಿ ಹೈಟಿಯ ಹೆಂಗಸು ಇನ್ನೂ ಹಾಡುತ್ತಲೇ ಇದ್ದಳು. ಒಂದು ಪದವೂ ತಿಳಿಯುತ್ತಿರಲಿಲ್ಲ. ಯಾರ ಕೊಡೆ, ಯಾವ ಬಣ್ಣ ಎಂಬ ತಂಟೆಯಿಲ್ಲ. ಎಷ್ಟು ಚೆನ್ನಾಗಿ ಹಾಡುತ್ತಾಳೆ ಎನ್ನುವುದು ಈಗ ಕೇಳಿಸಿತು.

"ನಿಲ್ಲಿಸಲಾ?" ಯಾದಿರಾ ಮೆಲ್ಲಗೆ ಕೇಳಿದಳು.

"ಇರಲಿ ಬಿಡು."

ಇನ್ನುಮೇಲೆ ಈ ಹಾಡನ್ನು ಈ ಹೈಟಿಯವಳ ಬಾಯಿಂದಲೇ ಕೇಳುವುದು, ಒಬ್ಬಳೇ ಕೇಳುವುದು ಎಂದು ಅವಳು ನಿಶ್ಚಯಿಸಿದಳು. ಯಾರಿಗೂ ಹೇಳಲಿಲ್ಲ.