ತಾರಸಿಯ ಮೇಲೆ ಹೆಡೆ ಎತ್ತಿದ ಹೂಜಿಗಿಡ

ಹುಳ ಹಿಡಿದು ತಿನ್ನುವ ಹಳದಿ ಹೂಜಿಗಿಡವನ್ನು ದೊಡ್ಡನೆಕ್ಕುಂದಿಯ ನಮ್ಮ ತಾರಸಿಯ ಮೇಲೆ ಬೆಳೆಸಿಯೇ ತೀರುತ್ತೇನೆಂದು 2008ರಲ್ಲಿ ನಾನು ಭೀಷಣ ಪ್ರತಿಜ್ಞೆ ಮಾಡಿದೆ! ಅಮೆರಿಕದ ಯಾವುದೋ ಜೌಗಿನ ಬೀಜ. ಮಿಕ್ಕ ಕಡೆ ಈ ಗಿಡದ ಕೊರಳಲ್ಲಿ ಕೆಂಪು ಮಚ್ಚೆ ಇರುತ್ತದಂತೆ. ಆ ಜೌಗಿನಲ್ಲಿ ಮಾತ್ರ ಅಪ್ಪಟ ಅರಿಶಿನ. ಅದನ್ನು ಬತ್ತಿಸಿ ರಸ್ತೆ ಮಾಡುತ್ತಿದ್ದಾರೆಂದು ಇಂಟರ್ನೆಟ್ ಗೆಳೆಯನೊಬ್ಬ ಚಿಟಿಕೆ ಬೀಜ ಕಳಿಸಿದ್ದ. ಹುಟ್ಟಿದ ಈ ಊರನ್ನೇ ರಸ್ತೆಗೆ ಕಳೆದುಕೊಂಡವನಲ್ಲವೇ ನಾನು?

ಈ ಮಹಾರಾಯನಿಗೆ ಬೋರ್‌ವೆಲ್ ನೀರು ವಿಷ, ಮಳೆನೀರೇ ಆಗಬೇಕು. ಡ್ರಮ್ಮುಗಟ್ಟಲೆ ಹಿಡಿದಿಟ್ಟೆ.

"ನಮ್ಗೆ ಟ್ಯಾಂಕರ್ ನೀರು, ಅದಕ್ಕೆ ಮಳೆ ನೀರಾ? ಅದನ್ನೇ ಕಟ್ಕೋಬೇಕಿತ್ತು ಕಣ್ರೀ ನೀವು!" ಎಂದಳು ಹೆಂಡತಿ ವೇಣಿ.

"ಸೊಳ್ಳೆ ತಿನ್ನುತ್ತೆ ಕಣೇ!"

"ಸೊಳ್ಳೆ ಹುಟ್ತಿರೋದೇ ನಿಮ್ ಡ್ರಮ್ಮಲ್ಲಿ!"

ಐದನೇ ವರ್ಷ ಮೂರು ಕುಂಡಗಳಲ್ಲಿ ಹಳದಿ ಕೊಳವೆಗಳು ಮೊಣಕಾಲೆತ್ತರ ಎದ್ದು, ಮೇಲೆ ಮುಚ್ಚಳ ಬಾಗಿಸಿ ನಿಂತವು. ನಾನು ನೆಲ ಬಿಟ್ಟು ನಡೆಯುತ್ತಿದ್ದೆ.

ನಾಗರ ಪಂಚಮಿಯ ಬೆಳಗ್ಗೆ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬಂದರೆ ಮೆಟ್ಟಿಲ ತುಂಬ ಚಪ್ಪಲಿ! ಮೇಲೆ ಅಮ್ಮ, ಜೊತೆಗೆ ಊರಿನ ಹಳೇ ಹೆಂಗಸರು. ಒಂದೊಂದು ಕೊಳವೆಗೂ ಕುಂಕುಮ, ಬಾಯಿ ತುಂಬ ಹಾಲು!

"ಅಮ್ಮಾ! ಅದು ಗಿಡ! ಹಾಲು ಹುಯ್ದ್ರೆ ಕೊಳೆತೋಗುತ್ತೆ!"

"ಗಿಡ ಅಂತ ನಂಗೊತ್ತಿಲ್ವೇನ್ಲಾ? ರಸ್ತೆಗೇಂತ ಅಳ್ಳಿಮರ ಕಡುದ್ರು, ನಾಗರಕಲ್ಲು ಕಿತ್ತಾಕುದ್ರು. ಈ ಊರಾಗೆ ಎಡೆ ಎತ್ಕಂಡ್ ನಿಂತಿರೋದು ಇದೊಂದೇ. ಇನ್ನೆಲ್ಲಿಗ್ ತನಿ ಎರೀಲಿ?"

ಕುಂಡ ಎತ್ತಲು ಬಗ್ಗಿದವನು ಅಲ್ಲೇ ಕೂತೆ. ಆ ಅರಳಿಕಟ್ಟೆಯ ನೆರಳು, ಒದ್ದೆ ಕೂದಲಿನ ಅಮ್ಮ, ಕಲ್ಲಿನ ಮೇಲೆ ಹರಿಯುವ ಹಾಲು, ಪೂಜೆ ಮುಗಿಯುವ ಮೊದಲೇ ನಾನು ಕದ್ದ ತಂಬಿಟ್ಟು... ಎಲ್ಲವೂ ಎಷ್ಟು ಚೆನ್ನಾಗಿದ್ದವು!

ಎರಡು ಕುಂಡ ಕೊಳೆತು ಇಡೀ ಬೀದಿಗೆ ನಾರಿದವು. ಉಳಿದೊಂದನ್ನು ಮಣ್ಣು ಬದಲಿಸಿ, ಡ್ರಮ್ಮಿನ ನೀರೆಲ್ಲ ಸುರಿದು ಹೇಗೋ ಬದುಕಿಸಿಕೊಂಡೆ. ಆಮೇಲೆ ಅಮ್ಮನ ಕಾಲು ಹಿಡಿದೆ. "ಮುಂದಿನ ವರ್ಷಾನೂ ಎರಿ, ಬೇಡ ಅನ್ನಲ್ಲ. ಹಾಲು ಬೇಡಮ್ಮ, ಮಳೆ ನೀರು ಸಾಕು."

ಅಮ್ಮ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಸುತ್ತೂರಿಗೆಲ್ಲ ಸಾರಿದಳು! ಮುಂದಿನ ಪಂಚಮಿಗೆ ಚೊಂಬುಗಳಲ್ಲಿ ಮಳೆನೀರು ಹಿಡಿದವರ ಸಾಲು ನಮ್ಮ ಗೇಟು ದಾಟಿ ಬೀದಿಗೆ ಬಂದಿತ್ತು. ಗಿಡವಂತೂ ದಷ್ಟಪುಷ್ಟ! ಹತ್ತಿರದಿಂದ ನೋಡೋಣವೆಂದು ನುಗ್ಗಿದೆ. ಹೊಸ ಅಪಾರ್ಟ್‌ಮೆಂಟಿನಿಂದ ಬಂದಿದ್ದ ಹೆಂಗಸೊಬ್ಬರು ಕೈ ಅಡ್ಡ ಹಿಡಿದರು.

"ಸಾರ್, ಲೈನಲ್ಲಿ ಬನ್ನಿ. ನೀವು ಈ ಏರಿಯಾಗೆ ಹೊಸಬರಾ?"