ಸೂಜಕ್ಕ ಆಕಾಶಕ್ಕೆ ಹಾಕಿದ ಸವಾಲು

ಸೂಜಕ್ಕನಿಗೂ ಆಕಾಶಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ. ಜಗಳ ಶುರುಮಾಡಿದ್ದು ಆಕಾಶವೇ. ಹೋದ ಮಳೆಗಾಲದಲ್ಲಿ ಎಲ್ಲೋ ಬಿದ್ದ ಸಿಡಿಲು ತಂತಿ ಹಿಡಿದು ಮನೆಯೊಳಗೆ ಬಂದಿತ್ತು. ಬಂದದ್ದು ಟಿವಿ, ಫ್ರಿಜ್, ಮಿಕ್ಸಿ ಯಾವುದರ ಗೊಡವೆಗೂ ಹೋಗದೆ, ನೇರವಾಗಿ ಅವಳ ಕಂಪ್ಯೂಟರ್ ಹೊಲಿಗೆ ಯಂತ್ರದ ಬೋರ್ಡನ್ನೇ ಸುಟ್ಟುಹಾಕಿತ್ತು. ಇದು ಬೇಕೆಂದೇ ಮಾಡಿದ್ದು ಎಂಬ ಬಗ್ಗೆ ಸೂಜಕ್ಕನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. (ಬೀದಿಯವರು ತನ್ನನ್ನು ಸೂಜಕ್ಕ ಎನ್ನುವುದು ಹೊಲಿಗೆಯ ಕಾರಣಕ್ಕೆ ಎಂದು ಅವಳು ತಿಳಿದಿದ್ದಾಳೆ. ನಾಲಿಗೆಯ ಕಾರಣಕ್ಕೆ ಎಂದು ಹೇಳುವ ಧೈರ್ಯ ಈವರೆಗೆ ಯಾರಿಗೂ ಬಂದಿಲ್ಲ.)

ರಿಪೇರಿಯವನು ಹೊಸ ಬೋರ್ಡು ಕೂರಿಸಿ ಹೋಗುವಾಗ ಹೇಳಿದ್ದ: "ಗುಡುಗು ಕೇಳಿಸಿದ ತಕ್ಷಣ ಪ್ಲಗ್ಗನ್ನ ಗೋಡೆಯಿಂದ ಕಿತ್ತುಬಿಡಿ ಅಕ್ಕ. ಸ್ವಿಚ್ ಆರಿಸಿದ್ರೆ ಸಾಲದು."

ಅಷ್ಟೇ, ಮನೆಯಲ್ಲೊಂದು ರಕ್ಷಣಾ ಇಲಾಖೆ ಹುಟ್ಟಿಕೊಂಡಿತು. ಅತ್ತೆಯವರ ಮೊಣಕಾಲು ಹವಾಮಾನ ವಿಭಾಗ. ಗ್ರಂಥಾಲಯದಲ್ಲಿ ಗುಮಾಸ್ತರಾಗಿರುವ ಯಜಮಾನರು ಪ್ಲಗ್ ಕೀಳುವ ದಳದ ಏಕೈಕ ಯೋಧರು. ಅತ್ತೆ ಒಳಗಿನಿಂದ "ಮೊಣಕಾಲು ಹಿಡ್ಕೊಳ್ತಾ ಇದೆ ಕಣೋ" ಎಂದರೆ ಸಾಕು, ಯಜಮಾನರು ಪೇಪರ್ ಬಿಸಾಕಿ ಓಡಿಬಂದು ಪ್ಲಗ್ ಕೀಳುತ್ತಿದ್ದರು. ಮೇಲಿನ ಮನೆಯವರು ಮಂಚ ಎಳೆದರೂ ಕೀಳುತ್ತಿದ್ದರು. ಒಮ್ಮೆ ಅತ್ತೆಯ ಗೊರಕೆಗೂ ಕಿತ್ತಿದ್ದರು. ಪ್ರತಿ ಸಲವೂ ಕಸೂತಿ ಅರ್ಧಕ್ಕೇ ನಿಲ್ಲುತ್ತಿತ್ತು. ರೆಕ್ಕೆಯಿಲ್ಲದ ಹಕ್ಕಿ, ಕಾಂಡವಿಲ್ಲದ ಹೂವು, ಹೀಗೆ ಒಂದು ಪೆಟ್ಟಿಗೆ ತುಂಬ ಅಂಗವಿಕಲ ಪ್ರಕೃತಿ ಸೇರಿಕೊಂಡಿತು.

ಹೀಗಿರುವಾಗ ಹೊಸ ಹೋಟೆಲಿನ ಮ್ಯಾನೇಜರು ಬಂದು, ಮಾಣಿಗಳಿಗೆ ಮೂವತ್ತು ಕೋಟು ಬೇಕೆಂದರು. ಪ್ರತಿ ಕೋಟಿನ ಎದೆಯ ಮೇಲೆ ಹೋಟೆಲಿನ ಗುರುತು: ಒಂದು ಕೆಟಲ್, ಅದರ ಮೂತಿಯಿಂದ ಏಳುವ ಹಬೆ. ಈ ಕೆಲಸಕ್ಕೆ ಮುಖ್ಯರಸ್ತೆಯ ಟೈಲರ್ ಮಾಸ್ತರನೂ ಬಾಯಿಬಿಟ್ಟುಕೊಂಡು ಕೂತಿದ್ದ. "ಮನೇಲಿ ಕೂತು ಹೊಲಿಯೋರಿಗೆ ಮೂವತ್ತು ಕೋಟು ಆಗೋ ಮಾತಾ? ಒಂದು ಮಳೆ ಬಂದ್ರೆ ಪ್ಲಗ್ ಕಿತ್ತು ಕೂರ್ತಾರೆ" ಎಂದು ನಾಲ್ಕು ಜನರೆದುರು ನಕ್ಕಿದ್ದ. ಆ ನಗು ಸೂಜಕ್ಕನ ಕಿವಿಗೆ ಬಿತ್ತು. ಹೋಟೆಲ್ ತೆರೆಯುವ ದಿನಕ್ಕೆ ಒಂದೇ ಒಂದು ಕೋಟು ಕಡಿಮೆಯಾದರೂ ಮುಂದಿನ ಕೆಲಸವೆಲ್ಲ ಮಾಸ್ತರನಿಗೆ ಎಂದು ಮ್ಯಾನೇಜರು ಬೇರೆ ಹೇಳಿ ಹೋಗಿದ್ದರು.

"ಇವತ್ತಿಂದ ಈ ಮನೇಲಿ ಯಾರೂ ಪ್ಲಗ್ ಮುಟ್ಟಕೂಡದು," ಸೂಜಕ್ಕ ಘೋಷಿಸಿದಳು. "ಸಿಡಿಲೇ ಬರಲಿ, ಅದರಪ್ಪನೇ ಬರಲಿ. ನನ್ನ ಮೆಷಿನ್ನು ನಿಲ್ಲಲ್ಲ!"

"ರಿಪೇರಿಯವನು ಹೇಳಿದ್ದಾನಲ್ಲೇ..." ಯಜಮಾನರು ಮೆಲ್ಲಗೆ ಅಂದರು.

"ರಿಪೇರಿಯವನ ಜೊತೇಲೇ ಸಂಸಾರ ಮಾಡಿ ಹೋಗಿ!"

ಆ ಮನೆಯಲ್ಲಿ ಕಾನೂನುಗಳೆಲ್ಲ ಬಟ್ಟೆಯ ಮೇಲೆ ಕಸೂತಿಯಾಗಿ ಹೊರಬೀಳುವುದು ವಾಡಿಕೆ. ಬಾಗಿಲ ಮೇಲೆ 'ಚಪ್ಪಲಿ ಹೊರಗೆ', ಬಚ್ಚಲ ಮೇಲೆ 'ಬೇಗ'. ಅದೇ ದಿನ ಪ್ಲಗ್ಗಿನ ಮೇಲೂ ಕೆಂಪು ದಾರದ ಹೊಸ ಶಾಸನ ನೇತಾಡಿತು: 'ಮುಟ್ಟಿದರೆ ಜೋಕೆ.'

ಮರುದಿನ ಎಲೆಕ್ಟ್ರಿಷಿಯನ್ ಬಂದ. ಸಿಡಿಲಿನ ಕರೆಂಟನ್ನು ತಡೆಯುವ ಹಸಿರು ದೀಪದ ಸರ್ಜ್ ಪ್ರೊಟೆಕ್ಟರ್, ಕರೆಂಟು ಹೋದರೆ ತಾನೇ ಕೆಲಸಕ್ಕಿಳಿಯುವ ಯುಪಿಎಸ್, ಹಿತ್ತಲಲ್ಲಿ ಹೊಸ ಅರ್ಥಿಂಗ್ ಗುಂಡಿ, ಎಲ್ಲ ಬಂದವು. ಸಾಲದೆಂದು ಹೊರಗೋಡೆಯ ಮೇಲಿದ್ದ ಮೀಟರ್ ಪೆಟ್ಟಿಗೆಯಿಂದ ಯಂತ್ರಕ್ಕೆಂದೇ ಪ್ರತ್ಯೇಕ ತಂತಿ. ಅದು ಸೂರಿನ ಕೆಳಗಿಂದ ಇಳಿದು, ಗೋಡೆಯ ತೂತಿನಲ್ಲಿ ನುಗ್ಗಿ, ಸರಿಯಾಗಿ ಹೊಲಿಗೆ ಮೇಜಿನ ಮೇಲೆ ಒಳಗೆ ಬಂತು.

"ತೂತಿನ ಹೊರಗಡೆ ತಂತಿನ ಒಂಚೂರು ಕೆಳಕ್ಕೆ ಜೋಲು ಬಿಟ್ಟು ಆಮೇಲೆ ಒಳಗೆ ತಗೋಬೇಕು ಅಕ್ಕ," ಎಂದ ಅವನು.

ಸೂಜಕ್ಕ ಹೊರಗೆ ಹೋಗಿ ನೋಡಿದಳು. ಗೋಡೆಯ ಮೇಲೆ ತಂತಿ ಹೊಟ್ಟೆ ಬಿಟ್ಟುಕೊಂಡು ಜೋತಾಡುತ್ತಿತ್ತು. ಇಪ್ಪತ್ತು ವರ್ಷದಿಂದ ಸಡಿಲ ಹೊಲಿಗೆ ಕಂಡಲ್ಲೆಲ್ಲ ಬಿಚ್ಚಿ ಬಿಸಾಡಿದವಳಿಗೆ ಮೈಯೆಲ್ಲ ಉರಿಯಿತು.

"ಇದೇನಪ್ಪಾ, ಇದೊಂದು ಕೆಲಸವಾ? ಎಳೆದು ಬಿಗಿಯಾಗಿ ಕೂರಿಸು!"

"ಜೋಲು ಇರ್ಲೇಬೇಕು ಅಕ್ಕ, ಯಾಕಂದ್ರೆ..."

"ನನಗೆ ಯಾಕಂದ್ರೆ ಬೇಡ. ನೀಟಾಗಿರಬೇಕು."

ಅವನು ಎಳೆದು ಕೂರಿಸಿದ. "ಆಮೇಲೆ ನನ್ನ ಬೈಬೇಡಿ" ಎಂದಷ್ಟೇ ಹೇಳಿ ಹೋದ. ಸೂಜಕ್ಕ ಗೆರೆ ಹೊಡೆದಂತಿದ್ದ ಆ ತಂತಿಯನ್ನು ಮೂರು ಸಲ ನೋಡಿ ಸಂತೋಷಪಟ್ಟಳು.

ಹೋಟೆಲ್ ತೆರೆಯುವ ಹಿಂದಿನ ದಿನದ ಮಧ್ಯಾಹ್ನ. ಇಪ್ಪತ್ತೊಂಬತ್ತು ಕೋಟು ಇಸ್ತ್ರಿಯಾಗಿ ಸಾಲಾಗಿ ತೂಗುತ್ತಿದ್ದವು. ಮೂವತ್ತನೆಯದು ಯಂತ್ರದಲ್ಲಿತ್ತು, ಕೆಟಲಿನ ತಳ ಮೂಡುತ್ತಿತ್ತು. ಒಳಗಿನಿಂದ ಅತ್ತೆಯ ದನಿ ಬಂತು: "ಎರಡೂ ಮೊಣಕಾಲೂ ಹಿಡ್ಕೊಂಡಿವೆ. ಇದು ಸಾಮಾನ್ಯದ್ದಲ್ಲ."

ಅಂದು ರಜೆಯಲ್ಲಿದ್ದ ಯಜಮಾನರು ಬಾಗಿಲಲ್ಲಿ ಪ್ರತ್ಯಕ್ಷರಾದರು. "ಕೀಳ್ಲಾ?"

"ಮುಟ್ಟಿ ನೋಡಿ, ಗೊತ್ತಾಗುತ್ತೆ!"

ಗುಡುಗಿತು. ಮಳೆ ಧೋ ಎಂದು ಸುರಿಯಿತು. ಮೂರನೆಯ ಸಿಡಿಲಿಗೆ ಬೀದಿಯ ಕರೆಂಟೆಲ್ಲ ಹೋಯಿತು. ಯುಪಿಎಸ್ "ಕುಂಯ್" ಎಂದಿತು. ಯಂತ್ರ ನಿಲ್ಲಲಿಲ್ಲ! ಸೂಜಕ್ಕ ಎದ್ದು ನಿಂತು, ಕಿಟಕಿಯ ಗಾಜಿನಾಚೆಗಿನ ಮೋಡಕ್ಕೆ ಕತ್ತರಿ ತೋರಿಸಿದಳು.

"ಏನು ಮಾಡ್ಕೋತೀಯೋ ಮಾಡ್ಕೋ ಹೋಗು! ಈ ಸೂಜಕ್ಕ ಯಾರು ಅಂದ್ಕೊಂಡಿದ್ದೀಯಾ?"

ಅವಳ ಮೂಗಿನ ತುದಿಗೆ ಒಂದು ಹನಿ ಬಿತ್ತು.

ತಲೆಯೆತ್ತಿದಳು. ಹೊರಗಿನ ಮಳೆಯೆಲ್ಲ ಆ ನೀಟಾದ ತಂತಿಯ ಮೇಲೆ ಜಾರಿಕೊಂಡು, ಎಲ್ಲೂ ಬಗ್ಗದೆ, ಎಲ್ಲೂ ನಿಲ್ಲದೆ, ತೂತಿನಿಂದ ಒಳಗೆ ಇಳಿದು ಯಂತ್ರದ ಪರದೆಯ ಮೇಲೆ ತೊಟತೊಟ ಸುರಿಯುತ್ತಿತ್ತು. ಜೋಲು ಬಿಟ್ಟಿದ್ದರೆ ನೀರೆಲ್ಲ ಆ ಹೊಟ್ಟೆಯಿಂದಲೇ ಹೊರಗೆ ತೊಟ್ಟಿಕ್ಕಿ ಹೋಗುತ್ತಿತ್ತು ಎಂಬುದು ಅವಳಿಗೆ ಆ ಕ್ಷಣವೇ ಹೊಳೆಯಿತು.

"ರೀ! ಪ್ಲಗ್ ಕೀಳ್ರೀ!"

ಯಜಮಾನರು ಕೈಕಟ್ಟಿ ನಿಂತು ಕೆಂಪು ಕಸೂತಿಯನ್ನು ಓದಿದರು. "ಮುಟ್ಟಿದರೆ ಜೋಕೆ ಅಂತ ಇದೆಯಲ್ಲೇ?"

"ಅಯ್ಯೋ, ನಿಮ್ಮ ದಮ್ಮಯ್ಯ, ಕೀಳ್ರೀ!"

ಕಿತ್ತರು. ಯಂತ್ರ ಓಡುತ್ತಲೇ ಇತ್ತು. "ಕಿತ್ತೆ ಕಣೇ! ಆದ್ರೂ ನಿಲ್ತಿಲ್ಲ!" ಎಂದು ಯಜಮಾನರು ಪ್ಲಗ್ಗನ್ನು ಹಿಡಿದು ತೋರಿಸಿದರು. ಯುಪಿಎಸ್ಸಿಗೆ ಯಜಮಾನರ ಪರಿಚಯವಿರಲಿಲ್ಲ. ಅದು ನಿಷ್ಠೆಯಿಂದ ಕರೆಂಟು ಕೊಡುತ್ತಲೇ ಇತ್ತು. ಕೊನೆಗೆ ಸೂಜಕ್ಕನೇ ಅದರ ಗುಂಡಿ ಒತ್ತಿದಳು. ಅತ್ತೆ ಕೊಡೆ ಬಿಚ್ಚಿಕೊಂಡು ಬಂದು ಯಂತ್ರಕ್ಕೆ ಹಿಡಿದು ನಿಂತರು. ಸೊಸೆಗೆ ಹಿಡಿಯಲಿಲ್ಲ.

ರಿಪೇರಿಯವನು ಫೋನಿನಲ್ಲಿ ಹೇಳಿದ: "ಬೋರ್ಡಿಗೆ ನೀರು ಹೋಗಿರಲಿಕ್ಕಿಲ್ಲ. ಆದ್ರೂ ಮೂರು ದಿನ ಆನ್ ಮಾಡ್ಬೇಡಿ."

ಮೂವತ್ತನೆಯ ಕೋಟಿನಲ್ಲಿ ಕೆಟಲ್ ಮುಗಿದಿತ್ತು. ಹಬೆ ಇರಲಿಲ್ಲ. ಕೈಯಲ್ಲೇ ಹಾಕೋಣವೆಂದು ಸೂಜಕ್ಕ ಸೂಜಿ ಹಿಡಿದು ಕೂತಳು. ಏಳು ಸಲ ಪ್ರಯತ್ನಿಸಿದರೂ ದಾರ ಸೂಜಿಯೊಳಗೆ ಹೋಗಲಿಲ್ಲ. ಮುಖ್ಯರಸ್ತೆಯ ನಗು ಕಿವಿಯಲ್ಲಿ ಕೇಳಿಸಿತು. ಅವಳಿಗೆ ಆಗ ನಿಜವಾಗಿಯೂ ದುಃಖವಾಯಿತು.

"ಕೊಡು ಇಲ್ಲಿ," ಎಂದರು ಯಜಮಾನರು. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ಹೊಲಿದು ಪಳಗಿದ ಕೈ. ಕನ್ನಡಕ ಮೂಗಿಗಿಳಿಸಿ, ತಮ್ಮ ಪಾಡಿಗೆ ಉದ್ದುದ್ದ, ಸಡಿಲ ಹೊಲಿಗೆ ಹಾಕಿ ಹಬೆ ಎಬ್ಬಿಸಿದರು. ಸೂಜಕ್ಕ ನೋಡಲಾರದೆ ಕಣ್ಣು ಮುಚ್ಚಿಕೊಂಡಳು.

ಮರುದಿನ ಹತ್ತಕ್ಕೆ ಸರಿಯಾಗಿ ಮೂವತ್ತೂ ಕೋಟು ಹೋಟೆಲಿನಲ್ಲಿದ್ದವು. ಮ್ಯಾನೇಜರು ಒಂದೊಂದಾಗಿ ನೋಡುತ್ತ ಬಂದು ಕೊನೆಯದರ ಮುಂದೆ ನಿಂತುಬಿಟ್ಟರು. ಸೂಜಕ್ಕ ಎದೆಯುಬ್ಬಿಸಿ ಜಗಳಕ್ಕೆ ಸಿದ್ಧಳಾದಳು.

"ಅಮ್ಮಾ, ಹಬೆ ಅಂದ್ರೆ ಇದು! ನೋಡಿದ್ರೆ ಬಿಸಿ ತಾಗೋ ಹಾಗಿದೆ. ಬೇರೆಯವೆಲ್ಲ ಮೊಳೆ ಹೊಡೆದ ಹಾಗಿವೆ. ದಿನಕ್ಕೆ ಐದರಂತೆ ಕಳಿಸ್ತೀನಿ, ಇಪ್ಪತ್ತೊಂಬತ್ತಕ್ಕೂ ಹೀಗೇ ಹಾಕ್ಸಿಕೊಡಿ. ಮುಂದಿನ ಕೆಲಸವೂ ನಿಮ್ಮದೇ. ಆದ್ರೆ ಇದೇ ಕೈ ಆಗ್ಬೇಕು."

ಮಾಸ್ತರನಿಗೆ ಮುಖಭಂಗವಾಯಿತು, ಅಷ್ಟರಮಟ್ಟಿಗೆ ಸೂಜಕ್ಕ ಗೆದ್ದಳು. ಎಲೆಕ್ಟ್ರಿಷಿಯನ್ ಬಂದು ತಂತಿಗೆ ಜೋಲು ಬಿಟ್ಟು, ಬೈಸಿಕೊಂಡೇ ಹೋದ. ಯಂತ್ರ ಒಣಗಿ, ನಾಲ್ಕನೆಯ ದಿನ ಏನೂ ಆಗದ ಹಾಗೆ ಓಡತೊಡಗಿತು.

ಈಗ ಸಂಜೆಯಾದರೆ ಯಜಮಾನರು ಗ್ರಂಥಾಲಯದಿಂದ ಬಂದು, ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿಯಲ್ಲಿ ಕೂತು ಹಬೆ ಹಾಕುತ್ತಾರೆ. ಟೀ ಅಲ್ಲಿಗೇ ಬರಬೇಕು. ಸೂಜಕ್ಕ ತನ್ನ ಯಂತ್ರದಿಂದ ಕತ್ತು ಉದ್ದ ಮಾಡಿ ನೋಡುತ್ತಾಳೆ, ಹಲ್ಲು ಕಚ್ಚುತ್ತಾಳೆ, ಕೊನೆಗೆ ತಡೆಯಲಾರದೆ ಎದ್ದು ಬರುತ್ತಾಳೆ.

"ಸಡಿಲ ಆಯ್ತು ಕಣ್ರೀ. ಕೊಡಿ, ಒಂದೇ ಒಂದು ಚೂರು ಎಳೀತೀನಿ."

ಯಜಮಾನರು ಸೂಜಿಯ ತುದಿಯಿಂದ ತಮ್ಮ ಬೆನ್ನ ಹಿಂದಕ್ಕೆ ತೋರಿಸುತ್ತಾರೆ. ಕುರ್ಚಿಯ ಬೆನ್ನಿಗೆ ಆ ಕೆಂಪು ಕಸೂತಿ ತೂಗುತ್ತಿದೆ: 'ಮುಟ್ಟಿದರೆ ಜೋಕೆ.'