ಮೊದಲನೇ ಗೇರಿನ ಮಾಮಾ

ನಮ್ಮ ಮಾಮಾ ಹೆದರುವುದರಲ್ಲಿ ಪಂಡಿತರು. ನೀವೂ ಹೆದರುತ್ತೀರಿ, ನಾನೂ ಹೆದರುತ್ತೇನೆ. ಆದರೆ ನಮ್ಮದೆಲ್ಲ ಹವ್ಯಾಸಿಗಳ ಹೆದರಿಕೆ. ಹಾವು ಕಂಡಾಗ ಹೆದರುವುದರಲ್ಲಿ ಏನು ಹೆಚ್ಚುಗಾರಿಕೆ? ಮಾಮಾ ಹಾವು ಕಾಣದಿದ್ದರೆ ಹೆದರುತ್ತಾರೆ. "ಕಾಣವಲ್ದು ಅಂದ್ರ ಎಲ್ಲೋ ಅಡಗಿ ಕುಂತದ" ಎಂಬುದು ಅವರ ವಾದ. ಈ ವಾದದಲ್ಲಿ ತಪ್ಪು ಹುಡುಕಿ ನೋಡೋಣ!

ಇವರು ನನ್ನ ತಾಯಿಯ ತಮ್ಮ. ಕಮಲಾಪುರದಲ್ಲಿ ಮನೆ, ಮನೆಯ ಹಿಂದೆ ಒಂದಿಷ್ಟು ಕೆಂಪು ಬಾಳೆ. ಆಯುಷ್ಯವಿಡೀ ಕರೆಂಟ್ ಆಫೀಸಿನಲ್ಲಿ ಬಿಲ್ಲು ಬರೆದು ನಿವೃತ್ತರಾದವರು. ಆದರೂ ಮನೆಯ ಸ್ವಿಚ್ಚನ್ನು ಇಂದಿಗೂ ಕಟ್ಟಿಗೆಯ ಸೌಟಿನಿಂದಲೇ ಒತ್ತುತ್ತಾರೆ. ಕೇಳಿದರೆ, "ಒಳಗ ಇದ್ದವರಿಗೇ ಗೊತ್ತವ್ವ, ಕರೆಂಟ್ ಎಂಥಾದ್ದು ಅಂತ" ಅನ್ನುತ್ತಾರೆ. ಇವರು ಒಳಗಿದ್ದದ್ದು ಬಿಲ್ಲಿನ ವಿಭಾಗದಲ್ಲಿ ಎಂಬುದನ್ನು ನಾವ್ಯಾರೂ ನೆನಪಿಸಲು ಹೋಗುವುದಿಲ್ಲ.

ಕಲಬುರಗಿಗೆ ಬರುವಾಗ ಅವರಿಗೆ ಡ್ರೈವರನ ಹಿಂದಿನ ಸೀಟೇ ಆಗಬೇಕು. ಡ್ರೈವರ್ ತೂಕಡಿಸಿಬಿಟ್ಟರೆ? ಅದಕ್ಕೆ ಮುಂಜಾಗ್ರತೆಯಾಗಿ ದಾರಿಯುದ್ದಕ್ಕೂ ಕೆಮ್ಮುತ್ತಾ ಬರುತ್ತಾರೆ. ಒಮ್ಮೆ ಡ್ರೈವರ್ ಬಸ್ಸನ್ನೇ ನಿಲ್ಲಿಸಿ ಹಿಂದೆ ತಿರುಗಿ, "ಕಾಕಾ, ಇಲ್ಲೇ ದವಾಖಾನಿ ಅದ. ತೋರಿಸ್ಕೊಂಡು ಬರ್ರಿ, ನಾ ನಿಂದರ್ತೀನಿ" ಅಂದನಂತೆ. ಕೆಮ್ಮು ತಕ್ಷಣ ನಿಂತಿತು. ಮಾಮಾ ದವಾಖಾನೆಗೂ ಹೆದರುತ್ತಾರಲ್ಲ!

ಜಾತ್ರೆಯಷ್ಟು ಜನರ ನಡುವೆಯೂ ಅವರನ್ನು ಗುರುತಿಸುವುದು ಸುಲಭ. ಅಂಗಿಯ ಗುಂಡಿ ಯಾವತ್ತೂ ಒಂದು ಕಾಜಾ ತಪ್ಪಿರುತ್ತದೆ. ಕಾಲರು ಒಂದು ಕಡೆ ಕಿವಿಗೆ ಏರಿದರೆ ಇನ್ನೊಂದು ಕಡೆ ಭುಜಕ್ಕೆ ಇಳಿದಿರುತ್ತದೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಚಿಂತಿಸುತ್ತಾ ಅಂಗಿ ತೊಡುವವರ ಗತಿ ಇಷ್ಟೇ.

ಇಂಥವರಿಗೆ ಹೆಂಡತಿಯಾಗಿ ಬಂದ ನಮ್ಮ ಅತ್ತೆಗೆ ಹೆದರಿಕೆ ಎಂದರೇನೆಂದೇ ಗೊತ್ತಿರಲಿಲ್ಲ. ಗಂಡನ ಪಾಲಿನ ಧೈರ್ಯವನ್ನೂ ತಾವೇ ಇಟ್ಟುಕೊಂಡಿದ್ದರು. ಮಗಳ ಮದುವೆಯಾದ ವರ್ಷವೇ, ಒಂದು ಮುಂಜಾನೆ ಬಾಳೆಗೆ ನೀರು ಬಿಡುತ್ತಿದ್ದವರು ಎದೆ ಹಿಡಿದುಕೊಂಡು ಕುಳಿತರು. ಕಲಬುರಗಿಯ ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಆಮೇಲೆ ಮಾಮಾನ ಹೆದರಿಕೆಗೆ ತಡೆಯೇ ಇಲ್ಲವಾಯಿತು.

ಇಷ್ಟಾದ ಮೇಲೆ ಈಗ ಕಂಪ್ಯೂಟರಿನ ಕಥೆಗೆ ಬರೋಣ. ನಾನು ಕಲಬುರಗಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು, ಅಲ್ಲೇ ಕುಸನೂರಿನಲ್ಲಿ ಮನೆ. ಒಂದು ದಿನ ಮಾಮಾನ ಫೋನು ಬಂತು.

"ಅವ್ವಿ, ವಿಡಿಯೊ ಅಟಕಾಯಿಸಾಕತ್ತದ, ಮುಂದ ಹೋಗವಲ್ದು."

"ಯಾವ ವಿಡಿಯೊ ಮಾಮಾ?"

"ಲಗ್ನದ್ದು. ನಾ ತಗದದ್ದು."

ಹೌದು, ಮಗಳ ಲಗ್ನದಲ್ಲಿ ಬೀಗರನ್ನು ಎದುರುಗೊಳ್ಳುವಾಗ ಮಾಮಾ ಒಂದು ವಿಡಿಯೊ ತೆಗೆದಿದ್ದರು. ಮಗಳು ತನ್ನ ಹೊಸ ಫೋನನ್ನು ಅತ್ಯಂತ ಸ್ಪಷ್ಟ ಬರುವಂತೆ ಹೊಂದಿಸಿ ಅಪ್ಪನ ಕೈಗೆ ಕೊಟ್ಟಿದ್ದಳು. ಆ ಫೋನು ಆಮೇಲೆ ನೀರಿನ ಹೌದಿಗೆ ಬಿತ್ತು. ಉಳಿದದ್ದು ಮಾಮಾನ ಹಳೆಯ ಕಂಪ್ಯೂಟರಿನಲ್ಲಿದ್ದ ಪ್ರತಿ ಒಂದೇ. "ಪೆನ್ ಡ್ರೈವಿನಾಗ ಹಾಕಿ ಕಳಸ್ರಿ, ನಾ ಲ್ಯಾಬಿನಾಗ ನೋಡ್ತೀನಿ" ಅಂದೆ. ಅವರು ಒಪ್ಪಲಿಲ್ಲ. ಪ್ರತಿ ಮಾಡಿದಷ್ಟೂ ವಿಡಿಯೊ ಸವೆಯುತ್ತದೆ ಎಂದು ಅವರಿಗೆ ಭಯ!

ಕೊನೆಗೆ ಕಂಪ್ಯೂಟರಿನ ಡಬ್ಬವನ್ನೇ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದರು. ಗುಂಡಿ ಎಂದಿನಂತೆ ತಪ್ಪಿತ್ತು. ಕಂಡಕ್ಟರ್, "ಯಜಮಾನ್ರ, ಕೂಸಿಗೆ ಆರಾಮಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದನಂತೆ. ಮಾಮಾ, "ಹೌದ್ರಿ, ನಡುನಡುವ ನಿಂತುಬಿಡ್ತದ" ಅಂದರಂತೆ. ಪಾಪ, ಆ ಕಂಡಕ್ಟರ್ ಕಲಬುರಗಿ ಬರುವವರೆಗೂ ಶಿಳ್ಳೆಯನ್ನೇ ಊದಲಿಲ್ಲ.

ಮನೆಯಲ್ಲಿ ಜೋಡಿಸಿ ಹಾಕಿ ನೋಡಿದೆ. ಬಾಜಾದವರು ಬರುತ್ತಾರೆ, ಹೂವು ಎರಚುತ್ತಾರೆ, ಗುಂಪಿನಿಂದ ಅತ್ತೆ ಮುಂದೆ ಬಂದು ಇತ್ತ ತಿರುಗುತ್ತಾರೆ. ಅಲ್ಲಿಗೆ ಚಿತ್ರ ನಿಂತುಬಿಡುತ್ತದೆ! ಬಾಜಾ ಮಾತ್ರ ಬಾರಿಸುತ್ತಲೇ ಇರುತ್ತದೆ. ಎದೆಯ ಮೇಲೆ ಕೈ ಇಟ್ಟು, ಬಾಯಿ ಅರ್ಧ ತೆರೆದು, ಅತ್ತೆ ಕದಲದೆ ನಮ್ಮನ್ನೇ ನೋಡುತ್ತಿರುತ್ತಾರೆ. ಆಮೇಲೆ ಚಿತ್ರ ಒಮ್ಮೆಲೇ ಜಿಗಿದು ಬೀಗರ ಬೆನ್ನು ತೋರಿಸುತ್ತದೆ. ಸುಳ್ಳು ಯಾಕೆ ಹೇಳಲಿ, ನನ್ನ ಮೈ ಜುಮ್ಮೆಂದಿತು. ಮಾಮಾ ಅಷ್ಟರಲ್ಲಿ ಅಡುಗೆಮನೆ ಸೇರಿದ್ದರು.

ರೋಗವೇನೋ ತಿಳಿಯಿತು. ಕೆಲವು ಯಂತ್ರಗಳಲ್ಲಿ ಚಿತ್ರ ಮೂಡಿಸಲು ಬೇರೆ ಕಾರ್ಡೇ ಇರುತ್ತದೆ, ಅದಕ್ಕೆ ತನ್ನದೇ ಮೆಮರಿ ಇರುತ್ತದೆ. ಮಾಮಾನದು ಹಾಗಲ್ಲ. ಚಿತ್ರ ಮೂಡಿಸುವ ಭಾಗ ಪ್ರೊಸೆಸರಿನ ಒಳಗೇ ಬಿಡಾರ ಹೂಡಿದೆ; ಅದು ಯಂತ್ರದ ಮೆಮರಿಯನ್ನೇ, ಅಂದರೆ ರ್‍ಯಾಮನ್ನೇ ಹಂಚಿಕೊಳ್ಳಬೇಕು. ಅಂದರೆ ಎರಡು ಮನೆಗೆ ಒಂದೇ ನಲ್ಲಿ! ಇವರ ರ್‍ಯಾಮೋ ಒಂಟಿ, ಮೇಲಾಗಿ ನಿಧಾನದ್ದು. ಎಷ್ಟು ದೊಡ್ಡ ಕೊಡ ಇಟ್ಟರೇನು, ಪೈಪು ಸಣ್ಣದಿದ್ದರೆ ನೀರು ತೊಟ್ಟಿಕ್ಕುತ್ತದೆ. ಹೂವು, ಜನ, ಬಾಜಾ ಎಲ್ಲ ಒಟ್ಟಿಗೆ ಕುಣಿಯುವ ಕಡೆ ನೀರು ಸಾಲದೆ ಚಿತ್ರ ನಿಲ್ಲುತ್ತಿತ್ತು.

ಮಾಮಾನನ್ನು ಜಗತ್ ವೃತ್ತದ ಒಂದು ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಡಬ್ಬ ಬಿಚ್ಚಿ, "ಚಾಚಾ, ಫಾಸ್ಟ್ ರ್‍ಯಾಮ್ ಜೋಡಿ ಹಾಕ್ಕೋರಿ. ಎರಡು ಇದ್ರ ರಸ್ತಾನೂ ಎರಡಾಗ್ತದ, ವಿಡಿಯೊ ಮಖಮಲ್ ಹಂಗ ಓಡ್ತದ" ಅಂದರು.

ಮಾಮಾ ಅನುಮಾನದಿಂದ ನೋಡಿದರು. "ಅಷ್ಟು ಜೋರಾಗಿ ಓಡಿದ್ರ ನಿಂದರಸೋದು ಹ್ಯಾಂಗ?"

"ಬಿಸಿಗಿಸಿ ಏನೂ ಆಗಂಗಿಲ್ಲ ಚಾಚಾ, ಫಿಕರ್ ಮಾಡಬ್ಯಾಡ್ರಿ."

ಬಿಸಿ! ಮಾಮಾನಿಗೆ ಅದು ಹೊಳೆದೇ ಇರಲಿಲ್ಲ, ಈಗ ಹೊಳೆಯಿತು. ಜೋಡಿ ಬೇಡ, ಹಳೆಯದರ ಬದಲು ಒಂದೇ ಸಾಕು ಅಂದರು. ಹೊಸ ರ್‍ಯಾಮು ಹಾಕಿದ ಕೂಡಲೇ ನಿಧಾನದ ವೇಗದಲ್ಲೇ ಶುರುವಾಗುತ್ತದೆ, ಪೂರ್ತಿ ವೇಗ ಬೇಕಾದರೆ ಸೆಟ್ಟಿಂಗಿನಲ್ಲಿ ಹೇಳಬೇಕು ಎಂದು ಗೊತ್ತಾದದ್ದೇ, "ಏನೂ ಹೇಳಬ್ಯಾಡ್ರಿ, ಹಂಗೇ ಇರ್ಲಿ" ಅಂದರು.

ಅಂಗಡಿಯವರು ಹಣೆ ಹಣೆ ಬಡಿದುಕೊಂಡರು. "ಅಲ್ರಿ ಚಾಚಾ, ಹೊಸಾ ಗಾಡಿ ತಗೊಂಡು ಮೊದಲನೇ ಗೇರಿನಾಗೇ ಹೋಗ್ತೀನಿ ಅಂತೀರಲ್ರಿ!"

"ಮೊದಲನೇ ಗೇರಿನಾಗ ಯಾರೂ ಸತ್ತಿಲ್ಲ" ಅಂದರು ಮಾಮಾ, ಬಹಳ ಗಂಭೀರವಾಗಿ.

ಫಲಿತಾಂಶ ಏನಾದೀತು? ಬಾಜಾದವರ ನಡಿಗೆ ಕೊಂಚ ಸುಧಾರಿಸಿತು, ಅತ್ತೆ ಮಾತ್ರ ಅಲ್ಲೇ ನಿಂತರು, ಎದೆಯ ಮೇಲೆ ಕೈ ಇಟ್ಟುಕೊಂಡು. ಮಾಮಾ "ಆತು ಬಿಡವ್ವ" ಎಂದು ಡಬ್ಬ ಹೊತ್ತುಕೊಂಡು ಊರಿಗೆ ಹೊರಟರು. ಬೇಸರಪಟ್ಟುಕೊಂಡಂತೆ ಕಾಣಲಿಲ್ಲ, ಸಮಾಧಾನವಾದಂತೆಯೇ ಕಂಡರು. ಅದು ನನಗೆ ವಿಚಿತ್ರವೆನಿಸಿತು.

ನಾನು ಬಿಡುವವಳಲ್ಲ. ಮುಂದಿನ ರವಿವಾರ ಜೋಡಿಯ ಎರಡನೇ ರ್‍ಯಾಮು ಹಿಡಿದು ಕಮಲಾಪುರಕ್ಕೆ ಹೋದೆ. ಮಾಮಾ ಮೊದಲು ಊಟ ಅಂದರು. ಊಟವಾದ ಮೇಲೆ ಕೆಂಪು ಬಾಳೆಹಣ್ಣು ಅಂದರು. ಹಣ್ಣಾದ ಮೇಲೆ ಗುಡುಗು ಬರುವ ಹಾಗಿದೆ ಅಂದರು. ಹೊರಗೆ ನೋಡಿದರೆ ಬಟ್ಟೆ ಒಣಗಿ ಕಟ್ಟಿಗೆಯಾಗುವಂಥ ಬಿಸಿಲು!

"ಮಾಮಾ, ಖರೇ ಹೇಳ್ರಿ. ವಿಡಿಯೊ ಸರಿ ಆಗೋದು ನಿಮಗ ಬ್ಯಾಡೇನು?"

ಅವರು ಬಾಳೆಹಣ್ಣಿನ ಸಿಪ್ಪೆಯನ್ನು ಮಡಚಿ ಮಡಚಿ ಸಣ್ಣದು ಮಾಡಿದರು.

"ಅವತ್ತ ನಿಮ್ಮತ್ತಿ ನನಗ ಏನೋ ಹೇಳಿದ್ಲವ್ವ. ಬಾಜಾದ ಗದ್ದಲದಾಗ ಕೇಳಿಸಲಿಲ್ಲ. ಫೋನ್ ಎಲ್ಲಿ ಬೀಳ್ತದೋ ಅಂತ ಅಂಜಿ ನಾ ಅದನ್ನೇ ನೋಡಾಕತ್ತಿದ್ದೆ, ಆಕೀನ್ನ ನೋಡಲಿಲ್ಲ. ಆಮ್ಯಾಲ ಕೇಳೋದೂ ಮರ್ತೆ." ಅವರ ದನಿ ಇಳಿಯಿತು. "ಎದಿ ಮ್ಯಾಲ ಕೈ ಇಟ್ಟಾಳ ನೋಡು. ಎದಿ ನೋಯಾಕತ್ತದ ಅಂತ ಹೇಳಿದ್ಲೇನೋ. ಅಂದೇ ದವಾಖಾನಿಗೆ ಒಯ್ದಿದ್ರ ಇರ್ತಿದ್ಲೇನೋ. ಹಂಗ ಅಂದಿದ್ರ ನಾ ಹ್ಯಾಂಗ ಇರ್ಲಿ?"

"ಮತ್ತ ಸರಿ ಮಾಡಸಾಕ ಯಾಕ ಬಂದ್ರಿ?"

"ನೋಡದ ಇರಾಕೂ ಆಗವಲ್ದವ್ವ."

ಅಲ್ಲಿಯವರೆಗೆ ಮಾಮಾನ ಹೆದರಿಕೆಗಳಿಗೆ ನಗುವುದಷ್ಟೇ ನನಗೆ ಗೊತ್ತಿತ್ತು. ಈಗ ನನಗೇ ಹೆದರಿಕೆಯಾಯಿತು. ಅವರು ಹೇಳಿದ ಹಾಗೆಯೇ ಇದ್ದರೆ? ವಾಪಸು ಹೋಗಿಬಿಡಲೇ ಅನಿಸಿತು. ಆದರೂ ಡಬ್ಬ ಬಿಚ್ಚಿದೆ. ರ್‍ಯಾಮು ಸರಿಯಾಗಿ ಕೂರಲು ಸತಾಯಿಸಿತು. ಯಂತ್ರ ಶುರು ಮಾಡಿ, ಸೆಟ್ಟಿಂಗಿನೊಳಗೆ ಹೋಗಿ ಪೂರ್ತಿ ವೇಗ ಕೊಟ್ಟೆ. ಮಾಮಾ ಬಾಗಿಲ ಬಳಿ ನಿಂತರು, ಒಂದು ಕಾಲು ಹೊಸ್ತಿಲ ಆಚೆ.

"ಹಾಕಲೇನು?"

"ಹಾಕು. ಇಲ್ಲ, ತಡಿ. ಹಾಕು."

ಬಾಜಾದವರು ಬಂದರು. ಹೂವು ಹಾರಿದವು, ಎಸಳು ಎಸಳೂ ಬೇರೆ ಬೇರೆ ಕಾಣುವಂತೆ. ಅತ್ತೆ ಗುಂಪಿನಿಂದ ಮುಂದೆ ಬಂದರು, ತಿರುಗಿದರು, ಎದೆಯ ಮೇಲೆ ಕೈ ಇಟ್ಟರು.

ಚಿತ್ರ ನಿಲ್ಲಲಿಲ್ಲ. ಅತ್ತೆಯ ಕೈಯೂ ನಿಲ್ಲಲಿಲ್ಲ! ಹೆಬ್ಬೆರಳು ತೋರುಬೆರಳು ಸೇರಿಸಿ ಎದೆಯ ಹತ್ತಿರ ಏನನ್ನೋ ಚಿವುಟಿದಂತೆ ಮಾಡಿದರು. ಕೈ ಕೊಂಚ ಕೆಳಗೆ ಇಳಿಯಿತು, ಅಲ್ಲಿ ಇನ್ನೊಮ್ಮೆ ಚಿವುಟಿದಂತೆ ಮಾಡಿದರು, ಮತ್ತೂ ಕೆಳಗೆ ಇನ್ನೊಮ್ಮೆ. ಆಮೇಲೆ ಬೆರಳು ನೇರ ನಮ್ಮತ್ತ, ಅಂದರೆ ಅಂದು ಫೋನು ಹಿಡಿದು ನಿಂತಿದ್ದವರತ್ತ ಚಾಚಿತು. ತುಟಿ ಬಿಡಿಸಿ ಬಿಡಿಸಿ ಏನೋ ಹೇಳಿ, ಹಣೆ ಬಡಿದುಕೊಂಡು, ಸೆರಗು ಬಾಯಿಗೆ ಹಿಡಿದು ಅತ್ತೆ ನಗತೊಡಗಿದರು. ಮೈಯೆಲ್ಲ ಕುಲುಕುವ ನಗು. ನನಗೆ ಅವರ ಮಾತು ತಿಳಿಯಲಿಲ್ಲ. ಅಷ್ಟು ವರ್ಷ ಜೊತೆಗಿದ್ದವರಿಗೆ ತಿಳಿಯಿತು.

"ಗುಂಡಿ" ಅಂದರು ಮಾಮಾ. "ಗುಂಡಿ ತಪ್ಪಿ ಹಾಕ್ಕೊಂಡೀರಿ ಅನ್ನಾಕತ್ತಾಳ. ಬೀಗರ ಮುಂದ!"

ಅವರು ನಕ್ಕರೋ ಅತ್ತರೋ ನನಗೆ ಹೇಳಲಾಗದು. ಹೊಸ್ತಿಲ ಆಚೆಗಿದ್ದ ಕಾಲು ಒಳಗೆ ಬಂತು. ಮೆಲ್ಲಗೆ ಪರದೆಯ ಹತ್ತಿರ ಬಂದರು, ಇಷ್ಟು ದಿನ ಕರೆಂಟ್ ಇದ್ದಾಗ ಸೌಟಿಲ್ಲದೆ ಮುಟ್ಟದ ಯಂತ್ರದ ಪಕ್ಕಕ್ಕೇ. ತಲೆ ಬಗ್ಗಿಸಿ ತಮ್ಮ ಅಂಗಿ ನೋಡಿಕೊಂಡರು. ಇವತ್ತೂ ಒಂದು ಕಾಜಾ ತಪ್ಪಿತ್ತು. ಮೇಲಿನಿಂದ ಕೆಳಗಿನವರೆಗೆ ಎಲ್ಲ ಗುಂಡಿ ಬಿಚ್ಚಿ, ಒಂದೊಂದಾಗಿ ಸರಿಯಾಗಿ ಹಾಕಿಕೊಂಡರು. ಕಾಲರು ತಿದ್ದಿಕೊಂಡರು.

"ಇನ್ನೊಮ್ಮೆ ಹಾಕವ್ವ" ಅಂದರು.

ಹಾಕಿದೆ. ಅತ್ತೆ ತಿರುಗಿ ಬೆರಳು ಚಾಚುವ ಹೊತ್ತಿಗೆ ಮಾಮಾ ಪರದೆಯ ಮುಂದೆ ನೆಟ್ಟಗೆ ನಿಂತು ಕೇಳಿದರು:

"ಈಗ ಸರಿ ಅದ ಏನು?"